ಉಗುರಿನ ಮೇಲಿನ ಗೆರೆ: ಒಂದು ಪ್ರಕರಣ ಅಧ್ಯಯನ

ತೀವ್ರ ನಿಗಾ ಘಟಕದಿಂದ ಬದುಕಿ ಹೊರಬಂದವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ಕೆಲಸ. ನಾನು ಫಿಸಿಯೋಥೆರಪಿಸ್ಟ್. ನಮ್ಮ ತಂಡದಲ್ಲಿ ಒಬ್ಬ ವೈದ್ಯರು, ಒಬ್ಬ ಆಪ್ತಸಮಾಲೋಚಕಿ ಮತ್ತು ನಾನು ಇದ್ದೇವೆ. ಈ ಪ್ರಕರಣವನ್ನು ಬರೆದಿಡಬೇಕು ಅನ್ನಿಸಲು ಕಾರಣವಿದೆ. ನಾವು ಯೋಚಿಸಿ, ಸಿದ್ಧತೆ ಮಾಡಿಕೊಂಡು ಕೈಗೊಂಡ ಮೂರು ಪ್ರಯತ್ನಗಳು ಇಲ್ಲಿ ಸೋತವು. ಯಾರೂ ಯೋಜಿಸದ ಒಂದು ಭೇಟಿ ಕೈಹಿಡಿಯಿತು. ಹಾಗೆ ಕೈಹಿಡಿದದ್ದನ್ನು ಮುಂದೆ ನಮ್ಮ ಅತಿ ಎಚ್ಚರಿಕೆಯಿಂದ ನಾವೇ ಮುರಿಯುವ ಹಂತಕ್ಕೆ ತಂದಿದ್ದೆವು.

ಈ ಪ್ರಕರಣದ ಇಬ್ಬರು ರೋಗಿಗಳೂ ಇದನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ವಯಸ್ಸು, ಮನೆಯ ವಿವರ ಮತ್ತು ವೃತ್ತಿಗಳನ್ನು ಬದಲಿಸಿದ್ದೇನೆ. ಆದರೆ ಒಬ್ಬರದು ಮಾತಿನಿಂದ ನಡೆಯುವ ಕೆಲಸ, ಇನ್ನೊಬ್ಬರದು ಬೆರಳಿನಿಂದ ನಡೆಯುವ ಕೆಲಸ ಎಂಬ ವ್ಯತ್ಯಾಸವನ್ನು ಹಾಗೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದು ಇಲ್ಲಿ ಮುಖ್ಯ. ಮೊದಲನೆಯವರನ್ನು ಮೇಷ್ಟ್ರು ಎಂದೂ ಎರಡನೆಯವರನ್ನು ಹೊಲಿಗೆಯವರು ಎಂದೂ ಕರೆಯುತ್ತೇನೆ.

ಹಿನ್ನೆಲೆ

ಮೇಷ್ಟ್ರಿಗೆ ಐವತ್ತು ದಾಟಿದೆ. ಮೂತ್ರಪಿಂಡದಿಂದ ಜಾರಿದ ಕಲ್ಲೊಂದು ಮೂತ್ರನಾಳದಲ್ಲಿ ಸಿಕ್ಕಿಕೊಂಡು, ಅದರ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗುಲಿತ್ತು. ಮೊದಲ ದಿನ ಬೆನ್ನುನೋವು, ಚಳಿಜ್ವರ. ಸಾಮಾನ್ಯ ಜ್ವರವಿರಬೇಕೆಂದು ಮಲಗಿದರು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅವರ ಮಾತು ಅಸಂಬದ್ಧವಾಗತೊಡಗಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ರಕ್ತದೊತ್ತಡ ಕುಸಿದಿತ್ತು. ಮೊದಲ ನಡುಕದಿಂದ ಲೆಕ್ಕ ಹಾಕಿದರೆ ಸುಮಾರು 36 ಗಂಟೆ ಕಳೆದಿತ್ತು.

ಅದು ಸೆಪ್ಸಿಸ್. ಸೋಂಕನ್ನು ಎದುರಿಸಬೇಕಾದ ದೇಹದ ಪ್ರತಿಕ್ರಿಯೆಯೇ ಹಳಿ ತಪ್ಪಿ, ತನ್ನ ಅಂಗಾಂಗಗಳನ್ನು ತಾನೇ ಹಾಳುಗೆಡಹುವ ಸ್ಥಿತಿ. ತಡೆದು ನಿಂತ ಮೂತ್ರವನ್ನು ಹೊರಬಿಡಲು ತುರ್ತಾಗಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿದರು. ಕಲ್ಲನ್ನು ತೆಗೆದದ್ದು ಎಷ್ಟೋ ವಾರಗಳ ನಂತರ. ನಡುವೆ 11 ದಿನ ವೆಂಟಿಲೇಟರ್, ಕೆಲವು ಸುತ್ತು ಡಯಾಲಿಸಿಸ್. ನಿಗಾ ಘಟಕದಲ್ಲಿ 17 ದಿನ, ವಾರ್ಡಿನಲ್ಲಿ 12 ದಿನ. ಮನೆಗೆ ಹೋದಾಗ ಕುರ್ಚಿಯಿಂದ ಏಳಲು ಇಬ್ಬರು ಹಿಡಿಯಬೇಕಾಗಿತ್ತು.

ಇದರಲ್ಲಿ ಅಚ್ಚರಿಯೇನಿಲ್ಲ. ನಿಗಾ ಘಟಕದಲ್ಲಿ ಸ್ನಾಯು ಕರಗುವ ವೇಗ ಹೊರಗಿನವರಿಗೆ ಊಹಿಸಲೂ ಕಷ್ಟ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ, ಹತ್ತೇ ದಿನಗಳಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಅಡ್ಡಕೊಯ್ತದ ವಿಸ್ತೀರ್ಣ ಸರಾಸರಿ ಶೇಕಡಾ 18ರ ಹತ್ತಿರ ಕುಗ್ಗಿತ್ತು. ಸ್ನಾಯು, ನೆನಪು, ಮನಸ್ಸು ಮೂರೂ ಒಟ್ಟಿಗೆ ಪೆಟ್ಟು ತಿನ್ನುವ ಈ ಸ್ಥಿತಿಗೆ ನಿಗಾ ಘಟಕೋತ್ತರ ತೊಂದರೆಗಳ ಸಮೂಹ ಎಂಬ ಅರ್ಥದ ಹೆಸರು ವೈದ್ಯಕೀಯ ಬರಹಗಳಲ್ಲಿ ನೆಲೆಯೂರಿದ್ದು 2012ರಲ್ಲಿ. ಕಾಯಿಲೆ ಹಳೆಯದು, ಹೆಸರು ಹೊಸದು. ಹೆಸರು ಬರುವ ಮೊದಲು ಬದುಕಿ ಬಂದವರು ತಮ್ಮ ನಿಧಾನಕ್ಕೆ ತಮ್ಮನ್ನೇ ದೂರಿಕೊಳ್ಳುತ್ತಿದ್ದರು. ಹೆಸರಿದ್ದೂ ಮೇಷ್ಟ್ರು ಅದನ್ನೇ ಮಾಡಿದರು.

ಸಮಸ್ಯೆ ಎಲ್ಲಿತ್ತು

ಕಾಯಿಲೆ ಶುರುವಾದ ಏಳನೆಯ ವಾರದಲ್ಲಿ ಅವರು ನಮ್ಮಲ್ಲಿಗೆ ಬಂದರು. ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿದೆವು. 30 ಮೀಟರಿನ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯಬೇಕು, ಆರು ನಿಮಿಷದಲ್ಲಿ ಎಷ್ಟು ದೂರ ಸಾಗಿತೆಂದು ಅಳೆಯುತ್ತೇವೆ. 190 ಮೀಟರ್ ಆಯಿತು, ನಡುವೆ ಎರಡು ಸಲ ಗೋಡೆ ಹಿಡಿದು ನಿಂತರು. ಹನ್ನೊಂದನೆಯ ವಾರದಲ್ಲಿ ಅದೇ ಪರೀಕ್ಷೆ: 290 ಮೀಟರ್, ಎಲ್ಲೂ ನಿಲ್ಲಲಿಲ್ಲ. ನನಗೆ ಖುಷಿಯಾಗಿತ್ತು. ಅವರು ಬೆವರು ಒರೆಸಿಕೊಂಡು, “ಏನೂ ಬದಲಾಗಿಲ್ಲವಲ್ಲ” ಎಂದರು.

ಇದು ನಿರಾಶೆಯ ಮಾತು ಎಂದು ನಾವು ಅಂದುಕೊಂಡೆವು. ಈಗ ಯೋಚಿಸಿದರೆ ಅವರು ತಮಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳಿದ್ದರು. ನಿಗಾ ಘಟಕದ ದಿನಗಳು ಅವರ ನೆನಪಿನಲ್ಲಿ ಇರಲಿಲ್ಲ. ಜ್ವರ ಬಂದು ಮಲಗಿದ ರಾತ್ರಿ ನೆನಪಿದೆ, ವಾರ್ಡಿನ ಕಿಟಕಿ ನೆನಪಿದೆ, ನಡುವೆ ಏನೂ ಇಲ್ಲ. ಹಾಗಾಗಿ ಅವರು ತಮ್ಮನ್ನು ಅಳೆಯುತ್ತಿದ್ದದ್ದು ಕಾಯಿಲೆಗೆ ಮುಂಚಿನ ತಮ್ಮ ಜೊತೆಗೆ. ಎರಡು ಗಂಟೆ ನಿಂತು ಪಾಠ ಮಾಡುತ್ತಿದ್ದ, ನೂರು ಮಕ್ಕಳ ಹೆಸರು ನೆನಪಿನಲ್ಲಿಟ್ಟುಕೊಂಡಿದ್ದ ಮನುಷ್ಯನ ಪಕ್ಕದಲ್ಲಿ 290 ಮೀಟರ್ ಏನೂ ಅಲ್ಲ. ಅವರ ಪತ್ನಿ ಅಳೆಯುತ್ತಿದ್ದದ್ದು ಇನ್ನೊಂದು ದಿನದಿಂದ. “ಇವತ್ತು ರಾತ್ರಿ ಕಳೆಯುವುದು ಕಷ್ಟ” ಎಂದು ವೈದ್ಯರು ಹೇಳಿದ ದಿನ ಅದು. ಆಕೆಗೆ ಗಂಡ ಕುರ್ಚಿಯಲ್ಲಿ ಕುಳಿತಿರುವುದೇ ಹಬ್ಬ. ಒಂದೇ ಮನೆಯಲ್ಲಿ ಎರಡು ಅಳತೆಗೋಲುಗಳಿದ್ದವು. ಆಕೆ “ಎಷ್ಟು ಸುಧಾರಿಸಿದ್ದೀರಿ” ಎಂದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತಿತ್ತು.

ಬಂದವರೆಲ್ಲ ಮರುಹುಟ್ಟು ಪಡೆದಿರಿ ಎನ್ನುತ್ತಿದ್ದರು. ಒಂದು ದಿನ ಅವರು ಈ ಮಾತನ್ನು ನನ್ನೆದುರು ಬಿಡಿಸಿಟ್ಟರು. “ಮಗು ಹುಟ್ಟಿದರೆ ದಿನದಿನಕ್ಕೂ ಬೆಳೆಯುತ್ತದೆ. ಅದು ಬಿದ್ದರೂ ಮನೆಮಂದಿ ನಗುತ್ತಾರೆ. ನಾನು ಬಿದ್ದರೆ ಎಲ್ಲರ ಮುಖ ಬಿಳಿಚುತ್ತದೆ. ಇದು ಎಂಥ ಹುಟ್ಟು?”

ಅವರ ಮನಸ್ಸನ್ನು ಕಾಡುತ್ತಿದ್ದ ಇನ್ನೊಂದು ಸಂಗತಿಯಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನಮಗೆ ಅದು ತಿಳಿದದ್ದು ಬಹಳ ತಡವಾಗಿ.

ಮಾಡಿ ನೋಡಿದ್ದು

ಮೊದಲು ಅಂಕಿಅಂಶ ತೋರಿಸಿದೆ. 190, 230, 290 ಎಂದು ಏರುವ ಗೆರೆಯನ್ನು ಹಾಳೆಯ ಮೇಲೆ ಎಳೆದು ಕೊಟ್ಟೆ. ಉಸಿರಾಟದ ತೀವ್ರ ವೈಫಲ್ಯದಿಂದ ಬದುಕುಳಿದವರನ್ನು ಕೆನಡಾದಲ್ಲಿ ಒಂದು ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದೆ. ಅವರಲ್ಲಿ ಹೆಚ್ಚಿನವರು ಸಾಕಷ್ಟು ಎಳೆಯ ವಯಸ್ಸಿನವರೇ. ಆದರೂ ವರ್ಷ ತುಂಬಿದಾಗ ಆರು ನಿಮಿಷದಲ್ಲಿ ಅವರು ನಡೆದದ್ದು ಸುಮಾರು 422 ಮೀಟರ್, ಅಂದರೆ ನಿರೀಕ್ಷಿತ ದೂರದ ಮೂರನೆಯ ಎರಡು ಭಾಗ. ನಿಧಾನವಾಗುವುದು ಸಹಜ ಎಂದು ತಿಳಿಸುವುದು ನನ್ನ ಉದ್ದೇಶವಾಗಿತ್ತು. ವರ್ಷವಾದರೂ ಪೂರ್ತಿ ಆಗುವುದಿಲ್ಲ ಎಂದು ಅವರು ಅರ್ಥಮಾಡಿಕೊಂಡರು.

ಎರಡನೆಯದು ದಿನಚರಿ. ರೋಗಿಗೆ ಎಚ್ಚರವಿಲ್ಲದ ದಿನಗಳಲ್ಲಿ ದಾದಿಯರೂ ಮನೆಯವರೂ ನಿತ್ಯ ನಾಲ್ಕು ಸಾಲು ಬರೆದಿಟ್ಟು ಆಮೇಲೆ ಅವರ ಕೈಗೆ ಕೊಡುವ ರೂಢಿ ಉತ್ತರ ಯುರೋಪಿನ ದೇಶಗಳಲ್ಲಿ ದಶಕಗಳಿಂದ ಇದೆ. 2010ರ ಒಂದು ಅಧ್ಯಯನ ಇದರಿಂದ ಆಘಾತದ ನೆನಪುಗಳ ಬಾಧೆ ತಗ್ಗುತ್ತದೆ ಎಂದಿತು. 2019ರಲ್ಲಿ ಫ್ರಾನ್ಸಿನ ದೊಡ್ಡ ಅಧ್ಯಯನಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ. ಮೇಷ್ಟ್ರ ಪತ್ನಿ ಯಾರೂ ಹೇಳದಿದ್ದರೂ ಒಂದು ನೋಟ್‌ಬುಕ್ ಇಟ್ಟಿದ್ದರು. ದಿನಾಂಕ, ಔಷಧಿಯ ಹೆಸರು, ವೈದ್ಯರು ಹೇಳಿದ ಮಾತು, ಎಷ್ಟು ಹೊತ್ತಿಗೆ ಒಳಗೆ ಬಿಟ್ಟರು ಎಂಬುದೆಲ್ಲ ಅದರಲ್ಲಿತ್ತು. ನಾವು ಅದನ್ನು ಓದಲು ಹೇಳಿದೆವು. ಎರಡು ಪುಟ ಓದಿ ಮಡಚಿಟ್ಟರು. “ಇದು ಬೇರೆ ಯಾರದೋ ಕಥೆ” ಎಂದರು.

ಮೂರನೆಯ ಪ್ರಯತ್ನದ ಹೊಣೆ ಪೂರ್ತಿ ನನ್ನದು. ಐದು ವರ್ಷದ ಹಿಂದೆ ಇದೇ ಬಗೆಯ ಕಾಯಿಲೆಯಿಂದ ಬದುಕಿ, ಈಗ ನಿತ್ಯ ಓಡುವ ಒಬ್ಬರನ್ನು ಕರೆಸಿ ಪರಿಚಯಿಸಿದೆ. ಒಳ್ಳೆಯ ಮನುಷ್ಯ, ಒಂದು ಗಂಟೆ ಉತ್ಸಾಹದಿಂದ ಮಾತಾಡಿದರು. ಮೇಷ್ಟ್ರು ವಿನಯದಿಂದ ಕೇಳಿಸಿಕೊಂಡರು, ಕೈಮುಗಿದರು, ಮುಂದಿನ ಎರಡು ವ್ಯಾಯಾಮದ ದಿನ ಬರಲೇ ಇಲ್ಲ. ಫೋನ್ ಮಾಡಿದಾಗ ಪತ್ನಿ ಹೇಳಿದರು: “ಅವರು ದಡ ಸೇರಿದವರು, ನಾನು ನೀರಿನಲ್ಲಿದ್ದೇನೆ, ದಡದ ಮೇಲೆ ನಿಂತವರ ಮಾತು ಕೇಳಿಸುತ್ತದೆ, ಕೈ ಎಟಕುವುದಿಲ್ಲ ಎನ್ನುತ್ತಾರೆ.” ಗೆದ್ದವರನ್ನು ತೋರಿಸಿದರೆ ಧೈರ್ಯ ಬರುತ್ತದೆ ಎಂದು ನಾನು ನಂಬಿದ್ದೆ. ಎಷ್ಟು ಕಾಲದ ಅಂತರದಲ್ಲಿ ಗೆದ್ದವರು ಎಂದು ಯೋಚಿಸಿರಲಿಲ್ಲ.

ಈ ನಡುವೆ ಒಂದು ಚಿಕ್ಕ ಘಟನೆ. ಒಂಬತ್ತನೆಯ ವಾರದಲ್ಲಿ ಅವರು ಎರಡೂ ಕೈ ಮುಂದೆ ಚಾಚಿ, “ಇದೇನು ಹೊಸ ಕಾಯಿಲೆಯೇ?” ಎಂದು ಕೇಳಿದ್ದರು. ಹತ್ತೂ ಉಗುರುಗಳ ಬುಡದ ಹತ್ತಿರ, ಅಡ್ಡಲಾಗಿ, ಒಂದು ತಗ್ಗು ಗೆರೆ. ಬೆರಳು ಸವರಿದರೆ ತಾಗುತ್ತಿತ್ತು. ಇದನ್ನು 1846ರಲ್ಲಿ ಬೋ ಎಂಬ ಫ್ರೆಂಚ್ ವೈದ್ಯರು ವಿವರಿಸಿದ್ದರು, ಅವರ ಹೆಸರಿನಿಂದಲೇ ಕರೆಯುತ್ತಾರೆ. ದೇಹ ಪ್ರಾಣ ಉಳಿಸಿಕೊಳ್ಳಲು ಹೋರಾಡುವ ದಿನಗಳಲ್ಲಿ ಉಗುರು ಬೆಳೆಸುವಂಥ ಕೆಲಸಗಳನ್ನು ನಿಲ್ಲಿಸಿಬಿಡುತ್ತದೆ. ಮತ್ತೆ ಬೆಳೆಯತೊಡಗಿದಾಗ, ನಿಂತ ಜಾಗದಲ್ಲಿ ತಗ್ಗು ಉಳಿಯುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಆ ಗೆರೆ ನಿಧಾನವಾಗಿ ತುದಿಯತ್ತ ಸರಿಯುತ್ತದೆ. ಇಷ್ಟನ್ನು ಹೇಳಿದೆ. ಅವರು ಸುಮ್ಮನೆ ಕೈ ಹಿಂದಕ್ಕೆ ತೆಗೆದುಕೊಂಡರು. ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಕಾರಿಡಾರಿನ ಬೆಂಚು

ಹೊಲಿಗೆಯವರಿಗೆ ಮೂವತ್ತನಾಲ್ಕು. ಅವರಿಗೆ ಬಂದದ್ದು ಗಿಯಾನ್ ಬಾರೆ ಸಿಂಡ್ರೋಮ್. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ನರಗಳ ಮೇಲೆರಗುವ ಈ ಕಾಯಿಲೆಗೆ 1916ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯರ ಹೆಸರಿದೆ. ಪಾದದಲ್ಲಿ ಜುಮುಗುಟ್ಟುವುದರಿಂದ ಶುರುವಾದದ್ದು ಕೆಲವೇ ದಿನಗಳಲ್ಲಿ ಮೇಲೇರಿ ಎದೆಯವರೆಗೆ ಬಂದು ಉಸಿರಾಟದ ಸ್ನಾಯುಗಳನ್ನೂ ನಿಲ್ಲಿಸಿತು. ನಡುವೆ ನ್ಯುಮೋನಿಯಾ. ಆದರೆ ಈ ಕಾಯಿಲೆ ಸಾಮಾನ್ಯವಾಗಿ ಪ್ರಜ್ಞೆಯನ್ನು ಮುಟ್ಟುವುದಿಲ್ಲ. ವೆಂಟಿಲೇಟರಿನ ಮೇಲಿದ್ದ ಬಹಳಷ್ಟು ದಿನ ಆಕೆ ಎಚ್ಚರವಾಗಿದ್ದರು. ಎಲ್ಲವೂ ಕೇಳುತ್ತಿತ್ತು, ಅಲುಗಿಸಲು ಆಗುತ್ತಿದ್ದದ್ದು ಕಣ್ಣು ಮಾತ್ರ. ಎಂಟನೆಯ ವಾರದಲ್ಲಿ ನಮ್ಮ ಪುನಶ್ಚೇತನ ವಾರ್ಡಿನಲ್ಲಿದ್ದರು. ಗಂಟಲಿನಲ್ಲಿ ಕೊಳವೆ ಹಾಕಿದ್ದ ಜಾಗಕ್ಕೆ ಪಟ್ಟಿ, ಎರಡೂ ಪಾದಗಳಿಗೆ ಆಸರೆ ಪಟ್ಟಿ. ವಾಕರ್ ಹಿಡಿದು 20 ಮೀಟರ್ ನಡೆದರೆ ಆ ದಿನದ ಕೆಲಸ ಮುಗಿದಂತೆ.

ಮೇಷ್ಟ್ರಿಗೆ ಅದು ಹದಿನಾಲ್ಕನೆಯ ವಾರ. ನಡಿಗೆ ಪರೀಕ್ಷೆಗೆ ಮೊದಲು ಬೆಂಚಿನ ಮೇಲೆ ಕೂರಿಸಿ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿದ್ದೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಆಕೆ ದಣಿವಾರಿಸಿಕೊಳ್ಳುತ್ತಿದ್ದರು. ಒಂದೇ ಆಕ್ಸಿಮೀಟರ್ ಇದ್ದುದರಿಂದ ಅವರ ಬೆರಳಿನಿಂದ ತೆಗೆದು ಆಕೆಯ ಬೆರಳಿಗೆ ಹಾಕಿದೆ. ಆ ಬೆರಳನ್ನೇ ನೋಡುತ್ತಿದ್ದ ಮೇಷ್ಟ್ರು ತಟ್ಟನೆ ಮುಂದಕ್ಕೆ ಬಾಗಿದರು.

“ಅಮ್ಮಾ, ನಿಮ್ಮ ಉಗುರು ತೋರಿಸಿ.”

ಆಕೆ ಗಾಬರಿಯಿಂದ ನನ್ನ ಮುಖ ನೋಡಿದರು. ಮೇಷ್ಟ್ರು ತಮ್ಮ ಕೈಯನ್ನು ಆಕೆಯ ಕೈಯ ಪಕ್ಕದಲ್ಲಿಟ್ಟರು. ಅವರ ಗೆರೆ ಉಗುರಿನ ನಡುಮಧ್ಯಕ್ಕೆ ಬಂದಿತ್ತು. ಆಕೆಯದು ಬುಡದ ಚರ್ಮದಿಂದ ಆಗತಾನೇ ಹೊರಗೆ ಇಣುಕಿತ್ತು. ನಾನು ಐದು ವಾರದ ಹಿಂದೆ ಹೇಳಿದ್ದನ್ನೆಲ್ಲ ಅವರು ಒಂದಕ್ಷರ ಬಿಡದೆ ಆಕೆಗೆ ಹೇಳಿದರು, ತರಗತಿಯಲ್ಲಿ ಹೇಳುವ ಹಾಗೆ, ತಮ್ಮ ಉಗುರನ್ನೇ ಹಲಗೆ ಮಾಡಿಕೊಂಡು. ಕೊನೆಗೆ, “ನಿಮಗೆ ಜೋರಾಗಿದ್ದದ್ದು ನನಗಿಂತ ಒಂದೂವರೆ ತಿಂಗಳು ಈಚೆಗೆ, ಅಲ್ಲವೇ?” ಎಂದರು. ಲೆಕ್ಕ ಸರಿಯಾಗಿತ್ತು.

ನಂತರ ಆಕೆ ಎದ್ದು ವಾಕರ್ ಹಿಡಿದರು. ಪ್ರತಿ ಹೆಜ್ಜೆಗೂ ಪಾದವನ್ನು ಕಣ್ಣಿನಿಂದ ನೋಡಿಯೇ ಇಡುತ್ತಿದ್ದರು. ಹನ್ನೆರಡು ಮೀಟರಿಗೆ ಮೊಣಕಾಲು ನಡುಗತೊಡಗಿತು. ಮೇಷ್ಟ್ರು ನೋಡುತ್ತಲೇ ಇದ್ದರು. ಆಮೇಲೆ ನನ್ನನ್ನು ಕೇಳಿದರು: “ನಾನು ಹೀಗೆಯೇ ನಡೆಯುತ್ತಿದ್ದೆನೇ?”

“ಇದಕ್ಕಿಂತ ಕಷ್ಟಪಟ್ಟು” ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನು ಗ್ರಾಫು ಎಳೆದು ತೋರಿಸಲಾಗದ್ದು ಅಲ್ಲಿ ಅವರಿಗೆ ಕಂಡಿತ್ತು. ತಾವು ಎಲ್ಲಿಂದ ಹೊರಟು ಬಂದೆವೆಂಬುದು ಅವರಿಗೆ ನೆನಪಿರಲಿಲ್ಲ. ಆ ಜಾಗದಲ್ಲಿ ಇನ್ನೊಬ್ಬರು ನಿಂತಿದ್ದರಿಂದ ಅದು ಕಣ್ಣಿಗೆ ಬಿತ್ತು. ಆ ದಿನ ಅವರು 340 ಮೀಟರ್ ನಡೆದರು. ಮೊದಲ ಬಾರಿಗೆ, ಎಷ್ಟಾಯಿತು ಎಂದು ಅವರಾಗಿ ಕೇಳಿದರು.

ದೋಣಿ

ಅಲ್ಲಿಂದ ಮುಂದೆ ವ್ಯಾಯಾಮ ಮುಗಿದ ಮೇಲೆ ಇಬ್ಬರೂ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ನಾವು ಏರ್ಪಡಿಸಿದ್ದಲ್ಲ, ತಡೆಯಲೂ ಇಲ್ಲ. ಸರ್ ಎನ್ನುತ್ತಿದ್ದ ಆಕೆ ಮೇಷ್ಟ್ರೇ ಎನ್ನತೊಡಗಿದರು. ಅವರ ಬಾಯಲ್ಲಿ ಅಮ್ಮಾ ಹೋಗಿ ತಂಗಿ ಬಂತು.

ಹೀಗೆ ಕೂರತೊಡಗಿದ ಮೂರನೆಯ ವಾರವೋ ನಾಲ್ಕನೆಯ ವಾರವೋ, ಆಕೆ ತಮ್ಮ ವೆಂಟಿಲೇಟರಿನ ದಿನಗಳನ್ನು ಹೇಳುತ್ತಿದ್ದರು. ಗಾಳಿ ತುಂಬುವ ಹಾಸಿಗೆಯ ಬಗ್ಗೆ ಮಾತು ಬಂತು. ಮಲಗಿದಲ್ಲೇ ಹುಣ್ಣಾಗದಿರಲೆಂದು ಆ ಹಾಸಿಗೆಯ ಅರೆಗಳು ಒಂದಾದ ಮೇಲೊಂದು ಉಬ್ಬುತ್ತವೆ, ಇಳಿಯುತ್ತವೆ. “ಕಣ್ಣು ಮುಚ್ಚಿದರೆ ನೀರಿನ ಮೇಲೆ ತೇಲಿದ ಹಾಗೆ ಇರುತ್ತಿತ್ತು. ಗಂಟಲಿನ ಕಫ ಎಳೆಯುವಾಗಂತೂ ಮುಳುಗಿ ನೀರು ಕುಡಿದ ಹಾಗೆ” ಎಂದರು.

ಮೇಷ್ಟ್ರ ಬಣ್ಣ ಬದಲಾಯಿತು. ಆಗ ಹೊರಬಂತು ಅವರು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ಆ ದಿನಗಳ ನೆನಪಿಲ್ಲ ಎಂದಿದ್ದರಲ್ಲ, ಒಂದು ನೆನಪು ಇತ್ತು. ತಮ್ಮನ್ನು ದೋಣಿಯೊಂದರ ತಳದಲ್ಲಿ ಕೈಕಟ್ಟಿ ಮಲಗಿಸಿದ್ದಾರೆ, ಮುಖ ಕಾಣದವರು ಬಗ್ಗಿ ಬಗ್ಗಿ ಗಂಟಲಿಗೆ ನೀರು ಹೊಯ್ಯುತ್ತಿದ್ದಾರೆ, ಪಕ್ಕದಲ್ಲಿ ಪತ್ನಿ ನಿಂತು ನೋಡುತ್ತಾ ಸುಮ್ಮನಿದ್ದಾರೆ. ಇದು ಕನಸು ಎಂದು ತಿಳಿದಿತ್ತು. ಆದರೂ ಪತ್ನಿಯ ಮುಖ ನೋಡಿದಾಗಲೆಲ್ಲ ಅದೇ ಎದುರು ಬರುತ್ತಿತ್ತು. ತಮಗೆ ಬುದ್ಧಿ ಕೆಟ್ಟಿದೆ ಎಂಬ ಭಯದಿಂದ ನಮ್ಮ ಆಪ್ತಸಮಾಲೋಚಕಿಗೂ ಹೇಳಿರಲಿಲ್ಲ.

ನಿಗಾ ಘಟಕದಲ್ಲಿ ಮಿದುಳು ತಾತ್ಕಾಲಿಕವಾಗಿ ಗೊಂದಲಗೊಂಡು ಇಂಥ ಭ್ರಮೆ ಕಾಣುವುದು ಬಹಳ ಸಾಮಾನ್ಯ. ಇದು ನನಗೆ ಗೊತ್ತಿತ್ತು, ಅವರಿಗೆ ಹೇಳಿಯೂ ಇದ್ದೆ. ಆದರೆ ಅದೇ ಹಾಸಿಗೆಯ ಮೇಲೆ ಎಚ್ಚರವಾಗಿ ಮಲಗಿದ್ದವರು “ನನಗೂ ನೀರಿನ ಹಾಗೆ ಅನ್ನಿಸಿತ್ತು” ಎಂದಾಗ ಆಗುವ ನೆಮ್ಮದಿ ಬೇರೆ. ಹೊಲಿಗೆಯವರು ಅವರ ದುಃಸ್ವಪ್ನವನ್ನು ದಾರದ ತುದಿ ಹಿಡಿದು ಹೊಲಿಗೆ ಬಿಚ್ಚುವ ಹಾಗೆ ಬಿಚ್ಚಿದರು. ದೋಣಿ ಎಂದರೆ ಹಾಸಿಗೆ. ನೀರು ಎಂದರೆ ಕಫ ಎಳೆಯುವ ಕೊಳವೆ. ಮುಖವಿಲ್ಲದವರು ಮಾಸ್ಕ್ ಹಾಕಿದ ದಾದಿಯರು. ಕೈ ಕಟ್ಟಿದ್ದು ಮಾತ್ರ ಆಕೆಗೆ ಗೊತ್ತಾಗಲಿಲ್ಲ. “ನನ್ನ ಕೈ ಕಟ್ಟುವ ಅಗತ್ಯವೇ ಇರಲಿಲ್ಲ ಮೇಷ್ಟ್ರೇ, ಅದು ಅಲುಗುತ್ತಲೇ ಇರಲಿಲ್ಲ” ಎಂದರು.

ಆ ರಾತ್ರಿ ಅವರು ನೋಟ್‌ಬುಕ್ ಕೇಳಿ ಪಡೆದರು. ಆರನೆಯ ದಿನದ ಪುಟದಲ್ಲಿ ಪತ್ನಿಯ ಅಕ್ಷರ: ಕೊಳವೆ ಕಿತ್ತುಕೊಳ್ಳಲು ಹೋದರಂತೆ, ಕೈಗೆ ಮೆತ್ತನೆಯ ಪಟ್ಟಿ ಕಟ್ಟಿದ್ದಾರೆ, ನೋಡಲಾಗಲಿಲ್ಲ, ಆದರೂ ಅಲ್ಲೇ ನಿಂತಿದ್ದೆ. ಮೂರು ರಾತ್ರಿಗಳಲ್ಲಿ ಇಡೀ ಪುಸ್ತಕ ಓದಿದರು. ನಾವು ಕೆಲವು ವಾರಗಳ ಹಿಂದೆ ಕೊಟ್ಟಾಗ ಕೆಲಸ ಮಾಡದ ಪುಸ್ತಕ ಇದೇ. ಅದನ್ನು ಓದಲು ಬೇಕಾದ ಕೀಲಿಕೈ ಆಗ ಅವರ ಬಳಿ ಇರಲಿಲ್ಲ.

ಹೊಲಿಗೆಯವರಿಗೆ ಇದರಿಂದ ಸಿಕ್ಕಿದ್ದೇನು ಎಂದು ನಾನು ನಂತರ ಕೇಳಿದ್ದೆ. “ಎಲ್ಲರೂ ನನಗೆ ಮುಂದೆ ಸರಿಹೋಗುತ್ತದೆ ಎನ್ನುತ್ತಿದ್ದರು. ಮೇಷ್ಟ್ರು ಒಬ್ಬರೇ, ಮುಂದಿನ ತಿಂಗಳು ನಿನ್ನ ಕೂದಲು ಕೈತುಂಬ ಉದುರುತ್ತದೆ, ಹೆದರಬೇಡ, ನಿಲ್ಲುತ್ತದೆ ಎಂದದ್ದು. ಹಾಗೇ ಆಯಿತು. ಅವರ ಮಾತನ್ನು ಅಂದಿನಿಂದ ನಂಬಿದೆ” ಎಂದರು. ತೀವ್ರ ಕಾಯಿಲೆಯ ನಂತರ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ವೈದ್ಯರಿಗೆ ಅತಿ ಸಾಮಾನ್ಯ ಸಂಗತಿ. ಯಾರಾದರೂ ಮೊದಲೇ ಹೇಳಿದ್ದರೆ ಮೇಷ್ಟ್ರು ಅದನ್ನು ಇನ್ನೊಂದು ಸೋಲು ಎಂದು ಎಣಿಸುತ್ತಿರಲಿಲ್ಲ. ನಾವು ಹೇಳಿರಲಿಲ್ಲ.

ಪತ್ನಿಯ ನೋವು

ಈ ನಂಟಿನ ಹೊರಗೆ ಒಬ್ಬರು ಉಳಿದಿದ್ದರು. ಮೇಷ್ಟ್ರ ಪತ್ನಿ ಒಂದು ದಿನ ನಮ್ಮ ಆಪ್ತಸಮಾಲೋಚಕಿಯ ಎದುರು ಅತ್ತುಬಿಟ್ಟರು. “ಇಪ್ಪತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಕಳೆದವಳು ನಾನು. ನನ್ನನ್ನು ಒಂದು ಮಾತು ಕೇಳಲಿಲ್ಲ. ಪರಿಚಯವಿಲ್ಲದವರ ಹತ್ತಿರ ಎಲ್ಲ ಹೇಳಿಕೊಳ್ಳುತ್ತಾರೆ.” ಆ ಮಾತಿನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಆಕೆಯೂ ಆ ದಿನಗಳಿಂದ ಪೂರ್ತಿ ಹೊರಬಂದಿರಲಿಲ್ಲ, ಅಷ್ಟೇ. ಆಕೆಗೆ ಯಾರೂ ಕಾರಿಡಾರು ಕೊಟ್ಟಿರಲಿಲ್ಲ, ಬೆಂಚೂ ಇರಲಿಲ್ಲ.

ಇದನ್ನು ಬಿಡಿಸಿದ್ದು ನಾವಲ್ಲ, ಹೊಲಿಗೆಯವರು. ಮೇಷ್ಟ್ರನ್ನು ಕರೆತಂದ ಪತ್ನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: “ಅಕ್ಕ, ಒಳಗೆ ಮಲಗಿದ್ದವಳು ನಾನು, ನನಗೆ ಎಲ್ಲ ಗೊತ್ತಿದೆ. ಹೊರಗೆ ಕೂತ ನನ್ನ ತಾಯಿಗೆ ಏನಾಗಿರಬಹುದು ಅನ್ನುವುದು ಗೊತ್ತಿಲ್ಲ. ಅವರು ಹೇಳುವುದಿಲ್ಲ. ನೀವು ಹೇಳಿ.” ಆಕೆ ಹೇಳಿದರು. ಮುಕ್ಕಾಲು ಗಂಟೆ ಹೇಳಿದರು. ಮೇಷ್ಟ್ರು ಬೆಂಚಿನ ತುದಿಯಲ್ಲಿ ಕುಳಿತು ತಮ್ಮದೇ ಕಥೆಯನ್ನು ಕೇಳಿಸಿಕೊಂಡರು.

ನಮ್ಮ ತಪ್ಪು

ಮೇಷ್ಟ್ರ ಹತ್ತೊಂಬತ್ತನೆಯ ವಾರ. ಹೊಲಿಗೆಯವರಿಗೆ ಚಳಿಜ್ವರ ಬಂತು. ಮೂತ್ರದ ಸೋಂಕು. ಎರಡೇ ಗಂಟೆಯೊಳಗೆ ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿ ಔಷಧಿ ಶುರುಮಾಡಿದರು, ಬೇರೆ ವಾರ್ಡಿಗೆ ಸಾಗಿಸಿದರು. ಅಪಾಯವೇನೂ ಇರಲಿಲ್ಲ.

ಆದರೆ ಮೂತ್ರದ ಸೋಂಕು, ಚಳಿಜ್ವರ ಎಂಬ ಪದಗಳು ಮೇಷ್ಟ್ರಿಗೆ ಏನೆಂದು ನಮಗೆ ಗೊತ್ತಿತ್ತು. ಹೇಳುವುದೇ, ಬೇಡವೇ ಎಂದು ಚರ್ಚಿಸಿದೆವು. ನಾನು ಬೇಡವೆಂದೆ. ಎರಡು ಕಾರಣ ಕೊಟ್ಟೆ: ಇನ್ನೊಬ್ಬ ರೋಗಿಯ ವಿವರ ಹೇಳುವ ಹಕ್ಕು ನಮಗಿಲ್ಲ, ಮತ್ತು ಅವರು ಈಗಷ್ಟೇ ಚೇತರಿಸಿಕೊಳ್ಳುತ್ತಿದ್ದಾರೆ. ಮೊದಲ ಕಾರಣ ಸರಿಯಾದದ್ದೇ. ಆದರೆ ಆಕೆಯನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಮೇಷ್ಟ್ರು ವಿಚಾರಿಸಿದಾಗ, “ಬೇರೆ ಪರೀಕ್ಷೆಗಳಿಗೆ ಹೋಗಿದ್ದಾರೆ” ಎಂದೆ.

ನಾಲ್ಕನೆಯ ದಿನ ಪುನಶ್ಚೇತನ ವಾರ್ಡಿನ ಬಾಗಿಲಲ್ಲಿ ಇಣುಕಿದ ಅವರಿಗೆ ಕಂಡದ್ದು ಹೊಸ ಚಾದರ ಹೊದಿಸಿದ ಖಾಲಿ ಮಂಚ. ಯಾರನ್ನೂ ಕೇಳದೆ ಮನೆಗೆ ಹೋದರು. ಆ ರಾತ್ರಿ ಒಂಬತ್ತು ಸಲ ಜ್ವರ ಅಳೆದುಕೊಂಡರು. ಬೆಳಗಿನ ಜಾವ 3 ಗಂಟೆಗೆ ಎದೆ ಹೊಡೆದುಕೊಳ್ಳುತ್ತಾ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದರು. ಜ್ವರವಿರಲಿಲ್ಲ, ಸೋಂಕಿರಲಿಲ್ಲ. ಅವರ ಭಯವನ್ನು ಆಧಾರವಿಲ್ಲದ್ದು ಎನ್ನುವಂತೆಯೂ ಇಲ್ಲ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೆಪ್ಸಿಸ್‌ನಿಂದ ಬದುಕಿದ ಹಿರಿಯ ವಯಸ್ಸಿನವರಲ್ಲಿ ಹತ್ತಕ್ಕೆ ನಾಲ್ವರು 90 ದಿನಗಳೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು.

ಬೆಳಿಗ್ಗೆ ನಾನು ಹೋದಾಗ ಅವರು ಒಂದೇ ಪ್ರಶ್ನೆ ಕೇಳಿದರು. “ಇದ್ದಾಳೆಯೇ?”

ಮೂರು ದಿನ ಅವರಿಂದ ನಾನು ಮುಚ್ಚಿಟ್ಟದ್ದು ಸಾಧಾರಣ ಸೋಂಕೊಂದನ್ನು. ಆ ಮೌನದೊಳಗೆ ಅವರು ಕಂಡದ್ದು ಸಾವು. ಕ್ಷಮೆ ಕೇಳಿದೆ. ಆಮೇಲೆ ಹೊಲಿಗೆಯವರ ಬಳಿ ಹೋಗಿ ಒಪ್ಪಿಗೆ ಕೇಳಿದಾಗ ಆಕೆ ಸಿಡುಕಿದರು: “ಎರಡನೆಯ ದಿನವೇ ನಾನು ಎದ್ದು ಕೂತಿದ್ದೆ. ಯಾರೂ ನನ್ನನ್ನು ಕೇಳಲಿಲ್ಲವಲ್ಲ!”

ಅದೇ ಮಧ್ಯಾಹ್ನ ಮೇಷ್ಟ್ರು ಆಕೆಯನ್ನು ನೋಡಲು ಹೋದರು. ಅವರು ಕುಸಿಯಬಹುದು ಎಂದು ನಾನು ಜೊತೆಗೇ ಇದ್ದೆ. ಅವರು ಮಂಚದ ಕಾಲಬಳಿ ನೇತುಹಾಕಿದ್ದ ಜ್ವರದ ಪಟ್ಟಿ ನೋಡಿದರು, ಮೊದಲ ನಡುಕ ಬಂದ ಹೊತ್ತು ಕೇಳಿದರು, ಔಷಧಿ ಶುರುವಾದ ಹೊತ್ತು ಕೇಳಿದರು. “ನಿನಗೆ ಎರಡು ಗಂಟೆ. ನನಗೆ ಮೂವತ್ತಾರು” ಎಂದರು. ತಮ್ಮ ಕಾಯಿಲೆ ಆಕೆಯದಲ್ಲ, ಆಕೆಯ ಜ್ವರ ತಮ್ಮದಲ್ಲ ಎಂಬುದನ್ನು ಅವರು ಆ ಲೆಕ್ಕದಲ್ಲಿ ಕಂಡುಕೊಂಡರು ಅನ್ನಿಸುತ್ತದೆ. ನಂತರ ಜೇಬಿನಿಂದ ಒಂದು ಹಾಳೆ ತೆಗೆದರು. ಪತ್ನಿಯ ನೋಟ್‌ಬುಕ್ ಓದಿ, ವೈದ್ಯರನ್ನು ಕೇಳಿ ತಿದ್ದಿಸಿ ಬರೆದುಕೊಂಡಿದ್ದ ಹಾಳೆ ಅದು. ತಡೆಯಲಾಗದ ನಡುಕ, ಮಾತು ತೊದಲುವುದು ಅಥವಾ ಗೊಂದಲ, ಏದುಸಿರು, ದಿನವಿಡೀ ಮೂತ್ರವಿಲ್ಲದಿರುವುದು, ಚರ್ಮ ತಣ್ಣಗಾಗಿ ಬಣ್ಣಗೆಡುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು ಎಂದು ಕೆಳಗೆ ಗೆರೆ ಎಳೆದಿದ್ದರು. ಅದನ್ನು ಆಕೆಯ ತಾಯಿಯ ಕೈಗೆ ಕೊಟ್ಟರು.

ಈಗ ನಾವು ಮಾಡುವುದು

ಈ ಪ್ರಕರಣದ ನಂತರ ನಮ್ಮ ರೀತಿ ಕೆಲವು ಕಡೆ ಬದಲಾಗಿದೆ. ಬದುಕಿ ಬಂದವರನ್ನು ಪರಸ್ಪರ ಪರಿಚಯಿಸುವಾಗ ಕಾಯಿಲೆಯ ಹೆಸರು ಹೊಂದುತ್ತದೆಯೇ ಎಂದು ನೋಡುವುದನ್ನು ಬಿಟ್ಟಿದ್ದೇವೆ. ಇಬ್ಬರ ನಡುವೆ ಎಷ್ಟು ವಾರದ ಅಂತರವಿದೆ ಎಂದು ನೋಡುತ್ತೇವೆ. ಮುಂದೆ ಇರುವವರನ್ನು ತೋರಿಸುವುದಷ್ಟೇ ಸಾಲದು, ಹಿಂದಿನಿಂದ ಬರುತ್ತಿರುವವರನ್ನೂ ಕಾಣಬೇಕು. ನೆನಪಿಲ್ಲದವರಿಗೆ ಇದು ಇನ್ನೂ ಮುಖ್ಯ. ಪರಿಚಯವಾದ ದಿನವೇ ಇಬ್ಬರನ್ನೂ ಒಂದು ಪ್ರಶ್ನೆ ಕೇಳುತ್ತೇವೆ: ನಿಮಗೆ ಆರೋಗ್ಯ ಕೆಟ್ಟರೆ ಅವರಿಗೆ ತಿಳಿಸಬಹುದೇ, ಎಷ್ಟು ತಿಳಿಸಬಹುದು? ಕೇಳಲು ಮುಜುಗರವಾಗುತ್ತದೆ, ಆದರೂ ಕೇಳುತ್ತೇವೆ. ಮನೆಯವರಿಗೆ ಬೇರೆ ಸಮಯ ಮೀಸಲಿಟ್ಟಿದ್ದೇವೆ. ಕೂದಲಿನ ವಿಚಾರ, ಉಗುರಿನ ವಿಚಾರ, ಕೆಟ್ಟ ಕನಸಿನ ವಿಚಾರವನ್ನು ಬಿಡುಗಡೆಯ ದಿನವೇ ಹೇಳುತ್ತೇವೆ.

ಇದು ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಹೀಗೆ ಪರಿಚಯಿಸಿದ ಬೇರೆ ಇಬ್ಬರು ಎರಡು ಮಾತಾಡಿ ತಂತಮ್ಮ ದಾರಿ ಹಿಡಿದದ್ದೂ ಇದೆ. ನಂಟನ್ನು ಔಷಧಿಯ ಹಾಗೆ ಬರೆದುಕೊಡಲಾಗುವುದಿಲ್ಲ. ಬೆಂಚನ್ನಂತೂ ಹಾಕಬಹುದು.

ಏಳನೆಯ ತಿಂಗಳಲ್ಲಿ ಮೇಷ್ಟ್ರು ಅರ್ಧ ದಿನದ ಕೆಲಸಕ್ಕೆ ಮರಳಿದರು. ಮಕ್ಕಳ ಹೆಸರು ಮರೆಯುತ್ತದೆ, ಹಾಜರಿ ಪುಸ್ತಕ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ತಿಂಗಳಿಗೆ ಒಂದೆರಡು ಸಲ ರಾತ್ರಿ ಬೆಚ್ಚಿ ಏಳುತ್ತಾರೆ, ಆಗ ಪತ್ನಿಯನ್ನು ಎಬ್ಬಿಸುತ್ತಾರೆ. ಹೊಲಿಗೆಯವರು ಒಂದು ಕೋಲಿನ ಆಸರೆಯಲ್ಲಿ ನಡೆಯುತ್ತಾರೆ, ಪಾದದ ಪಟ್ಟಿ ಇನ್ನೂ ಇದೆ. ಸೂಜಿಗೆ ದಾರ ಪೋಣಿಸಲು ಬೆರಳು ಇನ್ನೂ ಒಪ್ಪುತ್ತಿಲ್ಲ.

ಮೇಷ್ಟ್ರ ಕೊನೆಯ ನಡಿಗೆ ಪರೀಕ್ಷೆಯ ದಿನ ಆಕೆಯೂ ಬಂದಿದ್ದರು. ಸುತ್ತುಗಳನ್ನು ಎಣಿಸುವುದು ನನ್ನ ಕೆಲಸ. “ಇವತ್ತು ತಂಗಿ ಎಣಿಸಲಿ” ಎಂದರು ಮೇಷ್ಟ್ರು. ಆಕೆ ದಪ್ಪ ಪೆನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು, ಅವರು ಕಾರಿಡಾರಿನ ತುದಿ ಮುಟ್ಟಿದಾಗಲೆಲ್ಲ ಹಾಳೆಯ ಮೇಲೆ ಒಂದು ಗೆರೆ ಎಳೆದರು. ಹದಿನಾಲ್ಕು ಗೆರೆ, ಮೇಲೆ ಹತ್ತು ಮೀಟರ್. 430. ಮೊದಲ ಗೆರೆಗಳು ನೆಟ್ಟಗಿವೆ, ಕೈ ಸೋತ ಮೇಲಿನವು ವಾಲಿವೆ, ಹನ್ನೊಂದನೆಯದು ಹಾಳೆಯ ಅಂಚು ದಾಟಿ ಮೇಜಿನ ಮೇಲೆ ಹೋಗಿದೆ. ಹಾಳೆಯನ್ನು ಮೇಷ್ಟ್ರ ಕಡತದಲ್ಲಿ ಇಟ್ಟಿದ್ದೇನೆ. ಮೇಜಿನ ಮೇಲಿನ ಗೆರೆಯನ್ನು ಒರೆಸಿಲ್ಲ.